ಪುಸ್ತಕದ ಪಕ್ಕ ಒಂದು ಪೆನ್ಸಿಲ್

ಕೇಳುಗರಿಗೆಲ್ಲ ನಮಸ್ಕಾರ.

ಹಲಸಿನ ಹಪ್ಪಳ ಮಾಡುವವರಿಗೆ ಏಪ್ರಿಲ್, ಮೇ ತಿಂಗಳು ಅಂದರೆ ಪುರುಸೊತ್ತಿಲ್ಲದ ಕಾಲ. ಬೆಳಿಗ್ಗೆ ಎದ್ದು ಕಾಯಿ ಕೊಯ್ಸಬೇಕು, ಮೇಣ ಅಂಟದ ಹಾಗೆ ಕೈಗೆ ಎಣ್ಣೆ ಸವರಿಕೊಂಡು ಸೊಳೆ ಬಿಡಿಸಬೇಕು, ಹಬೆಯಲ್ಲಿ ಬೇಯಿಸಿ, ಮೆಣಸು ಜೀರಿಗೆ ಉಪ್ಪು ಹಾಕಿ ರುಬ್ಬಿ, ಉಂಡೆ ಕಟ್ಟಿ, ಒತ್ತಿ, ಚಾಪೆಯ ಮೇಲೆ ಹರವಬೇಕು. ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ನಾನು, ನಮ್ಮತ್ತೆ ಇಬ್ಬರೂ ಸೇರಿ ಎಂಟು ವರ್ಷದಿಂದ ಹೀಗೆ ಹಪ್ಪಳ ಮಾಡಿ ಮಾರುತ್ತಿದ್ದೇವೆ. ಮೊದಲ ಮೂರು ವರ್ಷ ಕೂಲಿಯೂ ಗಿಟ್ಟದೆ ದುಡಿದೆವು. ಗಿಟ್ಟುತ್ತಿಲ್ಲ ಅನ್ನುವುದೇ ನಮಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಸಿದ್ದು ಪಂಚಾಯ್ತಿ ಗ್ರಂಥಾಲಯದಿಂದ ತಂದ, ರಟ್ಟು ಹರಿದ ಒಂದು ಪುಸ್ತಕ.

ಈಗ ಆ ಗ್ರಂಥಾಲಯದ ಬಾಗಿಲಿಗೆ ಅರಿವು ಕೇಂದ್ರ ಎಂಬ ಫಲಕ ಬಂದಿದೆ. ಅಲ್ಲಿಗೆ ಹೋಗಲು ಸಂಕೋಚಪಡುವ ಹೆಂಗಸರನ್ನು ನಾನು ಬಹಳ ನೋಡಿದ್ದೇನೆ. ಪೇಪರ್ ಓದುವ ಗಂಡಸರ ಜಾಗ ಅಂತಲೋ, ಪರೀಕ್ಷೆಗೆ ಕೂರುವ ಹುಡುಗರ ಜಾಗ ಅಂತಲೋ ಅವರ ಎಣಿಕೆ. ಆದರೆ 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ವಸೂಲಿ ಮಾಡುತ್ತಾರೆ. ಅಂದಮೇಲೆ ಆ ಕಪಾಟಿನಲ್ಲಿ ನಮ್ಮ ಮನೆಯ ದುಡ್ಡೂ ಇದೆ. ಹೋಗಿ, ಕೇಳಿ, ಪುಸ್ತಕ ತನ್ನಿ.

ಪುಸ್ತಕ ನೋಡಿ ಬದುಕಿನ ಕೆಲಸ ಕಲಿಯುವುದು ನಮ್ಮಲ್ಲಿ ಹೊಸದೇನಲ್ಲ. ಸುಮಾರು ಸಾವಿರ ವರ್ಷದ ಹಿಂದೆ, 1025ರ ಹೊತ್ತಿಗೆ, ಚಾಲುಕ್ಯರ ಕಾಲದಲ್ಲಿ ಇಮ್ಮಡಿ ಚಾವುಂಡರಾಯ ‘ಲೋಕೋಪಕಾರ’ ಅಂತ ಒಂದು ಕನ್ನಡ ಗ್ರಂಥ ಬರೆದ. ನೆಲದಡಿಯ ನೀರು ಹುಡುಕುವುದು ಹೇಗೆ, ಗಿಡಮರಗಳ ಆರೈಕೆ ಹೇಗೆ, ಅಡುಗೆ ಹೇಗೆ, ಮೈಗೆ ಹಚ್ಚುವ ಸುಗಂಧ ತಯಾರಿಸುವುದು ಹೇಗೆ, ವಿಷವೇರಿದರೆ ಮದ್ದೇನು, ಎಲ್ಲ ಅದರಲ್ಲಿದೆ. ಶಕುನ, ಜ್ಯೋತಿಷವೂ ಇದೆ. ಇಂದು ಅದರಲ್ಲಿ ಕೆಲವನ್ನು ಒಪ್ಪುತ್ತೇವೆ, ಕೆಲವನ್ನು ಬಿಡುತ್ತೇವೆ. ಆದರೆ ಆ ಹೆಸರು ನೋಡಿ, ಲೋಕೋಪಕಾರ! ಜನಕ್ಕೆ ಉಪಯೋಗವಾಗಲಿ ಅಂತ, ಜನರ ಮಾತಿನಲ್ಲಿ ಬರೆದದ್ದು. ಇವತ್ತಿನ ಪುಸ್ತಕವನ್ನೂ ನಾನು ಅದೇ ಅಳತೆಯಲ್ಲಿ ನೋಡುತ್ತೇನೆ. ಓದಿದವರ ಕೈಯಿಂದ ಒಂದು ಕೆಲಸ ಮಾಡಿಸುತ್ತದೆಯೋ ಇಲ್ಲವೋ?

ನಮ್ಮ ಹಪ್ಪಳದ ಪುಸ್ತಕಕ್ಕೆ ಬರುತ್ತೇನೆ. ಅದು ಹಪ್ಪಳದ ಪುಸ್ತಕವೇ ಅಲ್ಲ. ಸಣ್ಣ ಉದ್ಯಮದ ಲೆಕ್ಕ ಬರೆಯುವುದು ಹೇಗೆ ಅಂತ ಹೇಳುವ ತೆಳ್ಳಗಿನ ಪುಸ್ತಕ. ಅದರಲ್ಲಿ ಒಂದು ಖಾಲಿ ಕೋಷ್ಟಕ ಇತ್ತು. ಕಚ್ಚಾವಸ್ತು, ಸೌದೆ ಅಥವಾ ಗ್ಯಾಸ್, ಪೊಟ್ಟಣ, ಸಾಗಾಟ, ಹಾಳಾದ ಮಾಲು, ಕೊನೆಯಲ್ಲಿ ‘ನಿಮ್ಮ ಸ್ವಂತ ಕೂಲಿ’. ಆ ಕೊನೆಯ ಸಾಲಿಗೆ ಬಂದಾಗ ನನ್ನ ಪೆನ್ಸಿಲ್ ನಿಂತಿತು. ಪಕ್ಕದಲ್ಲಿ ಕೂತಿದ್ದ ಅತ್ತೆ, “ಮನೆ ಕೆಲಸಕ್ಕೆ ಕೂಲಿ ಬರೆಯೋದು ಎಂಥದೇ ಮಾರಾಯ್ತಿ? ಹಲಸು ನಮ್ಮದು, ಬಿಸಿಲು ನಮ್ಮದು, ಕೈ ನಮ್ಮದು” ಅಂದರು. ನಾನೂ ಅಲ್ಲಿಯವರೆಗೆ ಹಾಗೇ ಅಂದುಕೊಂಡಿದ್ದೆ.

ಆದರೂ ಬರೆದೆ. ಇಬ್ಬರು ಏಳು ಗಂಟೆ ಕೂತರೆ ದಿನಕ್ಕೆ 300 ಹಪ್ಪಳ. ಒಡೆದದ್ದು, ಸರಿಯಾಗಿ ಒಣಗದೆ ಹೋದದ್ದು 30. ಮಾರಾಟಕ್ಕೆ ಸಿಕ್ಕಿದ್ದು 270. ಆಗ ನಮ್ಮ ದರ ನೂರಕ್ಕೆ 250 ರೂಪಾಯಿ. ಅಂದರೆ 675 ರೂಪಾಯಿ ಬಂತು. ಮೆಣಸು, ಜೀರಿಗೆ, ಗ್ಯಾಸ್, ಪ್ಲಾಸ್ಟಿಕ್ ಕೊಟ್ಟೆ, ಪೇಟೆಗೆ ಹೋಗಿಬರುವ ಬಸ್ಸಿನ ದುಡ್ಡು ಸೇರಿ 210 ಹೋಯಿತು. ಉಳಿದದ್ದು 465. ಇಬ್ಬರಿಗೆ ಹಂಚಿದರೆ ತಲೆಗೆ 232 ರೂಪಾಯಿ 50 ಪೈಸೆ. ಅದೇ ವರ್ಷ ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಹೆಂಗಸರಿಗೆ ನಾವೇ ದಿನಕ್ಕೆ 400 ಕೊಡುತ್ತಿದ್ದೆವು! ಅತ್ತೆ ಆ ಹಾಳೆಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಮಾತಾಡಲಿಲ್ಲ.

ಮುಂದಿನ ವಾರ ದರವನ್ನು ನೂರಕ್ಕೆ 350 ಮಾಡಿದೆವು. ಒಂದು ಅಂಗಡಿಯವರು ಬಿಟ್ಟೇಬಿಟ್ಟರು. ಬೆಂಗಳೂರಿನ ನೆಂಟರ ಅಕ್ಕಪಕ್ಕದ ಮನೆಯವರು ದರ ಕೇಳದೆ ತರಿಸಿಕೊಂಡರು. ತಲೆಗೆ 367 ರೂಪಾಯಿ ಬೀಳತೊಡಗಿತು. ಇನ್ನೂ ತೋಟದ ಕೂಲಿಗಿಂತ ಕಡಿಮೆಯೇ. ಆದರೆ ಕಡಿಮೆ ಎಷ್ಟು ಅಂತ ಗೊತ್ತಿತ್ತಲ್ಲ, ಅಲ್ಲಿಂದ ಏರುವ ದಾರಿ ಹುಡುಕಬಹುದಿತ್ತು.

ಅಂಗಡಿಗಳಲ್ಲಿ ‘ವ್ಯಕ್ತಿತ್ವ ವಿಕಸನ’ ಅಂತ ಚೀಟಿ ಅಂಟಿಸಿದ ಕಪಾಟು ಇರುತ್ತದೆ. ಅಲ್ಲಿರುವ ಎಷ್ಟೋ ಪುಸ್ತಕಗಳನ್ನು ನಾನೂ ಓದಿದ್ದೇನೆ. ದೊಡ್ಡದಾಗಿ ಯೋಚಿಸಿ, ನಂಬಿ, ಹಣ ತಾನಾಗಿ ಬರುತ್ತದೆ ಅನ್ನುವ ಪುಸ್ತಕ ಓದಿದ ರಾತ್ರಿ ಮನಸ್ಸು ಹಗುರಾಗುವುದು ನಿಜ. ಬೆಳಿಗ್ಗೆ ಎದ್ದರೆ ಮಾಡುವುದಕ್ಕೆ ಏನೂ ಇರುವುದಿಲ್ಲ. ಅಂಥದ್ದಕ್ಕೆ ದುಡ್ಡು ಕೊಡಬೇಡಿ ಅಂತ ನನ್ನ ಗೆಳತಿಯರಿಗೆ ಹೇಳುತ್ತೇನೆ. ಖಾಲಿ ಕೋಷ್ಟಕ ಇರುವ ಪುಸ್ತಕ, ಅಳತೆ ಹೇಳುವ ಪುಸ್ತಕ, ‘ಈಗ ಪುಸ್ತಕ ಮಡಚಿ ಇದನ್ನು ಮಾಡಿ’ ಅನ್ನುವ ಪುಸ್ತಕ ಸಿಕ್ಕರೆ ಬಿಡಬೇಡಿ. ಒಂದು ಪುಟಕ್ಕೆ ಒಂದು ವಾರ ಹಿಡಿದರೂ ಚಿಂತೆಯಿಲ್ಲ.

ಬಡ್ಡಿಯ ಲೆಕ್ಕವನ್ನೂ ನಾನು ಹಾಗೇ ಕಲಿತದ್ದು. ಮಳೆಗಾಲದಲ್ಲಿ ಹಪ್ಪಳ ಒಣಗಿಸುವ ಯಂತ್ರಕ್ಕೆ 1 ಲಕ್ಷ ರೂಪಾಯಿ ಸಾಲ ಬೇಕಿತ್ತು. ಮನೆ ಬಾಗಿಲಿಗೆ ಬಂದ ಫೈನಾನ್ಸಿನವರೊಬ್ಬರು, “ನೂರಕ್ಕೆ ಒಂದೇ ರೂಪಾಯಿ ಬಡ್ಡಿ ಅಕ್ಕಾ, ವರ್ಷಕ್ಕೆ ಶೇಕಡಾ 12 ಅಷ್ಟೇ” ಅಂದರು. ಸಹಕಾರಿ ಸಂಘದಲ್ಲಿ ಕೇಳಿದರೆ ಅಲ್ಲೂ ಶೇಕಡಾ 12. ಬಾಗಿಲಿಗೆ ಬಂದವರ ಹತ್ತಿರವೇ ತೆಗೆದುಕೊಂಡರೆ ಓಡಾಟ ಉಳಿಯಿತಲ್ಲ ಅಂತ ನಮ್ಮ ಮನೆಯವರ ಮಾತು. ನಾನು ಎರಡೂ ಕಂತನ್ನು ಬರೆಸಿಕೊಂಡೆ. ಎರಡು ವರ್ಷಕ್ಕೆ ಸಂಘದ ಕಂತು ತಿಂಗಳಿಗೆ 4,707 ರೂಪಾಯಿ. ಬಾಗಿಲಿಗೆ ಬಂದವರದು 5,167.

ಬಡ್ಡಿ ಒಂದೇ, ಕಂತು ಮಾತ್ರ ಬೇರೆ ಯಾಕೆ? ಸಂಘದವರು ತೀರಿಸಿದಷ್ಟು ಅಸಲನ್ನು ಕಳೆದು, ಉಳಿದದ್ದಕ್ಕೆ ಮಾತ್ರ ಬಡ್ಡಿ ಹಾಕುತ್ತಾರೆ. ಇನ್ನೊಬ್ಬರದು ಫ್ಲಾಟ್ ಬಡ್ಡಿ. ಒಂದು ವರ್ಷ ಕಟ್ಟಿ ಅರ್ಧ ಅಸಲು ತೀರಿದ ಮೇಲೂ ಪೂರ್ತಿ ಲಕ್ಷಕ್ಕೇ ಬಡ್ಡಿ. ಎರಡು ವರ್ಷಕ್ಕೆ ಫ್ಲಾಟಿನಲ್ಲಿ ಬಡ್ಡಿ 24,000, ಸಂಘದಲ್ಲಿ ಸುಮಾರು 13,000. ಫ್ಲಾಟ್ ಶೇಕಡಾ 12 ಅಂದದ್ದು ನಿಜವಾಗಿ ಶೇಕಡಾ 21ನ್ನು ದಾಟುತ್ತದೆ. ಸಾಲ ಕೇಳುವಾಗ “ಬಡ್ಡಿ ಎಷ್ಟು” ಅನ್ನುವುದರ ಜೊತೆಗೆ “ಫ್ಲಾಟೋ, ಇಳಿಕೆಯ ಬಡ್ಡಿಯೋ” ಅಂತ ದಯವಿಟ್ಟು ಕೇಳಿ. ಈ ಒಂದು ಪ್ರಶ್ನೆ ನಮ್ಮ ಮನೆಗೆ 11,000 ರೂಪಾಯಿ ಉಳಿಸಿದೆ.

ಹಣದ ಪುಸ್ತಕ ತೆಗೆದುಕೊಳ್ಳುವಾಗ ಮೊದಲು ಮುದ್ರಣದ ವರ್ಷ ನೋಡಿ. ಹಳೆಯ ಪುಸ್ತಕದಲ್ಲಿ, ಬ್ಯಾಂಕ್ ಮುಳುಗಿದರೆ 1 ಲಕ್ಷದವರೆಗಿನ ಠೇವಣಿಗೆ ವಿಮೆ ಅಂತ ಇರುತ್ತದೆ. 2020ರಲ್ಲಿ ಅದು 5 ಲಕ್ಷ ಆಯಿತು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅನ್ನುವ ಅಪಘಾತ ವಿಮೆಗೆ ವರ್ಷಕ್ಕೆ 12 ರೂಪಾಯಿ ಅಂತ ಇರುತ್ತದೆ. 2022ರ ಜೂನ್‌ನಿಂದ 20 ಆಗಿದೆ. ಲೆಕ್ಕ ಮಾಡುವ ರೀತಿ ಹಳೆಯದಾಗುವುದಿಲ್ಲ, ಅಂಕಿ ಹಳೆಯದಾಗುತ್ತದೆ. ಅಂಕಿಯನ್ನು ಬ್ಯಾಂಕಿಗೆ, ಅಂಚೆ ಕಚೇರಿಗೆ ಹೋಗಿ ತಾಳೆ ನೋಡಬೇಕು.

ಮೈಯ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಅತ್ತೆಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಮಾತ್ರೆ ಬಿಟ್ಟು ಕಷಾಯ ಕುಡಿಯಿರಿ, ಮೂರು ತಿಂಗಳಲ್ಲಿ ಗುಣ ಅನ್ನುವ ಪುಸ್ತಕವನ್ನು ಯಾರೋ ತಂದುಕೊಟ್ಟಿದ್ದರು. ಅದನ್ನು ನಾನು ವಾಪಸ್ ಕೊಟ್ಟೆ. ಇನ್ನೊಂದು ಪುಸ್ತಕ ವೈದ್ಯರ ಬದಲಿಗೆ ನಿಲ್ಲಲಿಲ್ಲ, ಮನೆಯವರು ಮಾಡಬೇಕಾದ್ದನ್ನಷ್ಟೇ ಹೇಳಿತು: ದಿನವೂ ಪಾದ ನೋಡಿಕೊಳ್ಳಿ, ಬರಿಗಾಲಲ್ಲಿ ನಡೆಯಬೇಡಿ, ಬೆರಳ ಸಂದಿ ಒರೆಸಿ ಒಣಗಿಸಿ, ಉಗುರನ್ನು ನೇರಕ್ಕೆ ಕತ್ತರಿಸಿ. ಬಗ್ಗಿ ಅಂಗಾಲು ನೋಡಲು ಆಗದವರು ನೆಲದ ಮೇಲೆ ಕನ್ನಡಿ ಇಟ್ಟುಕೊಳ್ಳಿ ಅಂತಲೂ ಇತ್ತು.

ಅತ್ತೆ ಹುಟ್ಟಿನಿಂದ ಬರಿಗಾಲಲ್ಲಿ ತೋಟಕ್ಕೆ ಹೋದವರು. ಇಂಬಳ ಕಚ್ಚಿದರೂ ಲೆಕ್ಕಕ್ಕೆ ತೆಗೆದುಕೊಂಡವರಲ್ಲ. ಚಪ್ಪಲಿಗೆ ಒಪ್ಪಿಸುವುದೇ ದೊಡ್ಡ ಸಾಹಸವಾಯಿತು. ರಾತ್ರಿ ಊಟವಾದ ಮೇಲೆ ಜಗುಲಿಯಲ್ಲಿ ಕನ್ನಡಿ ಇಟ್ಟು, ಮೇಲೆ ಕಾಲು ಹಿಡಿಯುವುದನ್ನು ರೂಢಿ ಮಾಡಿಸಿದೆ. ಒಂದು ರಾತ್ರಿ ಹಿಮ್ಮಡಿಯ ಪಕ್ಕ ಕಡಲೆಕಾಳಿನಷ್ಟು ದೊಡ್ಡ ಗುಳ್ಳೆ ಕಂಡಿತು, ನಡುವೆ ಮುಳ್ಳಿನ ಕಪ್ಪು ಮೊನೆ. “ನೋವಿಲ್ಲವಾ ಅತ್ತೆ?” ಅಂದೆ. “ಎಂಥ ನೋವು?” ಅಂದರು. ಸಕ್ಕರೆ ಕಾಯಿಲೆಯಿಂದ ನರ ಮರಗಟ್ಟಿದ ಕಾಲು ನೋವನ್ನು ಹೇಳುವುದಿಲ್ಲ, ಕಣ್ಣೇ ನೋಡಬೇಕು. ಮರುದಿನ ಬೆಳಿಗ್ಗೆಯೇ ಡಾಕ್ಟರ ಹತ್ತಿರ ಹೋದೆವು. ಮೂರು ವಾರದಲ್ಲಿ ವಾಸಿಯಾಯಿತು.

ಪುಸ್ತಕದಿಂದ ಬಾರದ ವಿದ್ಯೆಯೂ ಉಂಟು. ಬಾಕಿ ಉಳಿಸಿಕೊಂಡ ಅಂಗಡಿಯವರ ಮುಂದೆ ನಿಂತು ದುಡ್ಡು ಕೇಳುವುದನ್ನು ಯಾವ ಪುಟವೂ ನನಗೆ ಕಲಿಸಲಿಲ್ಲ. ಅದಕ್ಕೆ ತರಬೇತಿ ಬೇಕಾಯಿತು. ಧರ್ಮಸ್ಥಳದ ಹೆಗ್ಗಡೆಯವರು ಮತ್ತು ಎರಡು ಬ್ಯಾಂಕುಗಳು ಸೇರಿ 1982ರಲ್ಲಿ ಉಜಿರೆಯಲ್ಲಿ ಕಟ್ಟಿದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲೇ ಈಗ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳ ಸ್ವ-ಉದ್ಯೋಗ ತರಬೇತಿ ಕೇಂದ್ರಗಳಿವೆ. ಊಟ, ವಸತಿ, ಕಲಿಕೆ ಎಲ್ಲ ಉಚಿತ. ಅಲ್ಲಿ ಒಬ್ಬರು ಅಂಗಡಿಯವರಾಗಿ, ಇನ್ನೊಬ್ಬರು ಹಪ್ಪಳದವರಾಗಿ ಎದುರುಬದುರು ನಿಂತು ಮಾತಾಡಿಸುತ್ತಾರೆ. ಮೊದಲ ದಿನ ನನ್ನ ಗಂಟಲು ಕಟ್ಟಿತು. ನಾಲ್ಕನೆಯ ದಿನ ಮಾತು ಬಂತು.

ಹೋದ ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ, ಹೇಳದೆ ಕೇಳದೆ ಮಳೆ ಹೊಯ್ದು ಎರಡು ಚಾಪೆ ಹಪ್ಪಳ ನೆನೆಯಿತು. ಬಾಚಿ ಒಳಗೆ ತರುವಷ್ಟರಲ್ಲಿ 60 ಹಪ್ಪಳ ಮುದ್ದೆಯಾಗಿತ್ತು. ನಾನು ಬೇಜಾರಿನಲ್ಲಿ ಅದನ್ನು ದನದ ಬಾನಿಗೆ ಹಾಕಲು ಹೊರಟೆ. ಅತ್ತೆ ಗೂಡಿನಲ್ಲಿದ್ದ ಲೆಕ್ಕದ ಪುಸ್ತಕ, ಪೆನ್ಸಿಲ್ ತೆಗೆದು ನನ್ನ ಮುಂದೆ ಇಟ್ಟರು. “ಮೊದಲು ಇದನ್ನ ಬರಿ. ಹಾಳಾದದ್ದು ಅರವತ್ತು. ಕೆಳಗೆ ನನ್ನ ಕೂಲಿನೂ ಬರಿ” ಅಂದರು.

ನಮಸ್ಕಾರ.