ಹೆದ್ದಾರಿಯಲ್ಲಿ ಕಾರು ನಡುಗಿದರೆ ಮೊದಲು ಚಕ್ರ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಊರೊಳಗೆ ಒಂದಿಷ್ಟೂ ತಕರಾರಿಲ್ಲದೆ ಓಡುವ ಕಾರು ಪುಣೆ–ಬೆಂಗಳೂರು ಹೆದ್ದಾರಿಗೆ ಬಂದು ಗಂಟೆಗೆ 80 ಕಿಲೋಮೀಟರ್ ದಾಟುತ್ತಿದ್ದಂತೆ ಗಡಗಡ ನಡುಗುತ್ತದೆ. ವೇಗ ಇಳಿಸಿದರೆ ಏನೂ ಇಲ್ಲ. ಐಟಿಐಯಲ್ಲಿ ಮೋಟಾರು ವಾಹನದ ಪಾಠ ಹೇಳುವ ನನ್ನನ್ನು ಮದುವೆ ಮನೆಯಲ್ಲಿ, ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ನಿಲ್ಲಿಸಿಕೊಂಡು ಜನ ಕೇಳುವ ಪ್ರಶ್ನೆಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಕೇಳುವವರು ಉತ್ತರವನ್ನೂ ಜೊತೆಗೇ ತಂದಿರುತ್ತಾರೆ: ‘ಮಾಸ್ತರೇ, ಎಂಜಿನ್ನೇ ಹೋಗಿರಬೇಕು, ಅಲ್ಲವೇ?’

ಅಲ್ಲ. ವೇಗ ಏರಿದಾಗ ಮಾತ್ರ ಕಾಣಿಸಿಕೊಳ್ಳುವ ನಡುಕಕ್ಕೆ ಮೊದಲು ಚಕ್ರ ನೋಡಿ. ಎಂಜಿನ್ ಬಿಚ್ಚಿಸಬೇಡಿ, ಸಸ್ಪೆನ್ಷನ್ ಬದಲಿಸಬೇಡಿ. ಚಕ್ರ ನೋಡಿ. ಈ ಭಾಷಣದಲ್ಲಿ ಇದನ್ನೇ ಇನ್ನೂ ಹಲವು ಸಲ ಹೇಳಲಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ನಡುಕ ಹುಟ್ಟುವುದು ಹೇಗೆ? ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಲ್ಲು ಸಣ್ಣದೇ ಆದರೂ ಜೋರಾಗಿ ಬೀಸಿದಷ್ಟೂ ಕೈಯನ್ನು ಹೊರಗೆ ಎಳೆಯುತ್ತದೆ. ಚಕ್ರದ ಒಂದು ಮಗ್ಗುಲಲ್ಲಿ 30 ಗ್ರಾಂ ತೂಕ ಹೆಚ್ಚಿದೆ ಎಂದುಕೊಳ್ಳಿ. 50 ಕಿಲೋಮೀಟರ್ ವೇಗದಲ್ಲಿ ಅದು ಚಕ್ರವನ್ನು ಎಳೆಯುವ ಬಲ ಸುಮಾರು ಒಂದೂಕಾಲು ಕಿಲೋ ತೂಕದಷ್ಟು. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಹಾಗಾಗಿ 100ರಲ್ಲಿ ಅದು ಐದು ಕಿಲೋ. ಆ ವೇಗದಲ್ಲಿ ಸಾಧಾರಣ ಕಾರಿನ ಚಕ್ರ ಸೆಕೆಂಡಿಗೆ ಹದಿನಾಲ್ಕು ಹದಿನೈದು ಸುತ್ತು ತಿರುಗುತ್ತದೆ. ಅಷ್ಟೂ ಸಲ ಐದು ಕಿಲೋ ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಜಗ್ಗಿದರೆ ಸ್ಟೇರಿಂಗ್ ನಡುಗದೆ ಏನು ಮಾಡೀತು? ಇನ್ನೂ ಜೋರಾಗಿ ಹೋದರೆ ನಡುಕ ಕೆಲವೊಮ್ಮೆ ಕಡಿಮೆಯಾದಂತೆ ಅನಿಸುತ್ತದೆ. ಚಕ್ರ ಮತ್ತು ಸ್ಪ್ರಿಂಗಿನ ಸಹಜ ಕಂಪನದ ವೇಗವನ್ನು ದಾಟಿ ಹೋಗಿದ್ದೀರಿ, ಅಷ್ಟೇ. ‘120ರಲ್ಲಿ ಸರಿಹೋಗುತ್ತದೆ ಸರ್’ ಎಂದು ಒಬ್ಬ ಟ್ಯಾಕ್ಸಿ ಚಾಲಕ ಹೆಮ್ಮೆಯಿಂದ ಹೇಳಿದ್ದ. ದಯವಿಟ್ಟು ಆ ಮದ್ದು ಮಾಡಬೇಡಿ.

ಇನ್ನು ಅಲೈನ್‌ಮೆಂಟ್. ಈ ಮಾತು ಬಂದರೆ ನನ್ನ ತಾಳ್ಮೆ ಸ್ವಲ್ಪ ಕಡಿಮೆಯಾಗುತ್ತದೆ. ಅಲೈನ್‌ಮೆಂಟ್ ಬೇರೆ, ಬ್ಯಾಲೆನ್ಸಿಂಗ್ ಬೇರೆ. ಚಕ್ರಗಳು ನೆಟ್ಟಗೆ, ಸರಿಯಾದ ಕೋನದಲ್ಲಿ ನಿಂತಿವೆಯೇ ಎಂದು ನೋಡುವುದು ಅಲೈನ್‌ಮೆಂಟ್. ಅದು ತಪ್ಪಿದರೆ ಕಾರು ಒಂದು ಕಡೆಗೆ ಎಳೆಯುತ್ತದೆ, ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ. ಚಕ್ರದ ತೂಕ ಸುತ್ತಲೂ ಸಮವಾಗಿದೆಯೇ ಎಂದು ನೋಡುವುದು ಬ್ಯಾಲೆನ್ಸಿಂಗ್. ಅದಕ್ಕೆ ಚಕ್ರ ಬಿಚ್ಚಿ ಯಂತ್ರಕ್ಕೆ ಹಾಕಿ ತಿರುಗಿಸಬೇಕು, ರಿಮ್ಮಿಗೆ ಸಣ್ಣ ತೂಕದ ತುಂಡು ಅಂಟಿಸಬೇಕು. ನಡುಕಕ್ಕೆ ಬೇಕಾದದ್ದು ಈ ಎರಡನೆಯದು. ‘ಅಲೈನ್‌ಮೆಂಟ್ ಮಾಡಿಸಿದೆ, ಆದರೂ ನಡುಗುತ್ತದೆ’ ಎನ್ನುವವರಿಗೆ ನನ್ನ ಉತ್ತರ: ನಡುಗಲೇಬೇಕು, ಚಕ್ರವನ್ನು ಯಾರೂ ನೋಡಿಲ್ಲವಲ್ಲ.

ಯಾವ ಚಕ್ರ ಎಂದು ಕಾರೇ ಹೇಳುತ್ತದೆ. ಕೈಯಲ್ಲಿ ಸ್ಟೇರಿಂಗ್ ನಡುಗಿದರೆ ಮುಂದಿನದು. ಸೀಟು, ಕಾಲಡಿಯ ತಳ ನಡುಗಿ ಸ್ಟೇರಿಂಗ್ ಸುಮ್ಮನಿದ್ದರೆ ಹಿಂದಿನದು. ಅನುಮಾನ ಉಳಿದರೆ ಮುಂದಿನ ಎರಡು ಚಕ್ರಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿ ಅದೇ ರಸ್ತೆಯಲ್ಲಿ ಓಡಿಸಿ. ನಡುಕ ಕೈಯಿಂದ ಸೀಟಿಗೆ ಹೋಯಿತೇ? ಕಳ್ಳ ಸಿಕ್ಕ. ಜಾಕ್, ಪಾನಾ ಇದ್ದರೆ ಸಾಕು.

ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಪ್ರಸಂಗ ಹೇಳಲೇಬೇಕು. ನವಲಗುಂದದ ಕಡೆಯ ಹತ್ತಿ ವ್ಯಾಪಾರಿಯೊಬ್ಬರು ಮಳೆಗಾಲದಲ್ಲಿ ಯಾವುದೋ ಹೊಲಕ್ಕೆ ಕಾರು ಒಯ್ದಿದ್ದರು. ಎರೆ ಹೊಲ. ಚಕ್ರ ಹೂತುಹೋಯಿತು, ಟ್ರ್ಯಾಕ್ಟರ್ ತಂದು ಎಳೆಸಿದರು. ಮನೆಗೆ ಬಂದು ಕಾರನ್ನು ಚೆನ್ನಾಗಿ ತೊಳೆಸಿದರು. ಮರುವಾರ ಹಾವೇರಿಗೆ ಹೊರಟರೆ 85ರಲ್ಲಿ ಸ್ಟೇರಿಂಗ್ ಅಲುಗಾಟ ಶುರು. ಒಂದು ಕಡೆ ಅಲೈನ್‌ಮೆಂಟ್ ಮಾಡಿದರು, ಹೋಗಲಿಲ್ಲ. ಇನ್ನೊಂದು ಕಡೆ ಮುಂಚಕ್ರಗಳನ್ನು ಕಾರಿನ ತಳಕ್ಕೆ ಹಿಡಿದಿಡುವ ಎರಡೂ ಲೋವರ್ ಆರ್ಮ್ ಬದಲಿಸಿ ದೊಡ್ಡ ಬಿಲ್ಲು ಕೊಟ್ಟರು, ಹೋಗಲಿಲ್ಲ. ಮೂರನೆಯವರು ಅಂತೂ ಬ್ಯಾಲೆನ್ಸಿಂಗ್ ಮಾಡಿದರು, ನಡುಕ ನಿಂತಿತು. ಆದರೆ ಕೆಲವು ದಿನಗಳಲ್ಲೇ ಮೊದಲಿಗಿಂತ ಜೋರಾಗಿ ಮರಳಿ ಬಂತು. ‘ಎಂಜಿನ್ ಇಳಿಸಬೇಕು ಎನ್ನುತ್ತಿದ್ದಾರೆ ಮಾಸ್ತರೇ, ಮಾರಿಬಿಡಲೇ?’ ಎಂದು ನನ್ನ ಬಳಿ ಬಂದರು.

ಹುಡುಗರಿಗೆ ಎಡ ಮುಂಚಕ್ರ ಬಿಚ್ಚಲು ಹೇಳಿದೆ. ಹೊರಮೈ ಫಳಫಳ ಹೊಳೆಯುತ್ತಿತ್ತು. ಮಗುಚಿ ಹಾಕಿ ಒಳಮೈ ನೋಡಿದರೆ, ರಿಮ್ಮಿನ ಬಳಸಿನಲ್ಲಿ ಅಂಗೈ ಅಗಲದ ಎರೆಮಣ್ಣು ಒಣಗಿ ಕೂತಿತ್ತು. ಅದರ ಪಕ್ಕದಲ್ಲೇ ಇನ್ನೊಂದು ಹೆಂಟೆ ಉದುರಿಹೋದ ಗುರುತು, ಹುಲ್ಲಿನ ಎಳೆಗಳ ಅಚ್ಚು ಸಮೇತ. ಆಗಿದ್ದಿಷ್ಟು: ಮೂರನೆಯ ಅಂಗಡಿಯವರು ಮಣ್ಣು ಇದ್ದ ಹಾಗೆಯೇ ಚಕ್ರವನ್ನು ಯಂತ್ರಕ್ಕೆ ಹಾಕಿ, ಮಣ್ಣಿಗೆ ಸರಿಯಾಗಿ ಎದುರು ಬದಿಯಲ್ಲಿ ತೂಕ ಅಂಟಿಸಿದ್ದರು. ಮಣ್ಣಿಗೇ ಬ್ಯಾಲೆನ್ಸಿಂಗ್! ಒಣಗಿದ ಮಣ್ಣು ಅರ್ಧ ಉದುರಿದ ಮೇಲೆ ಅಂಟಿಸಿದ ತೂಕವೇ ಹೆಚ್ಚಾಯಿತು. ಯಂತ್ರಕ್ಕೆ ಹಾಕಿದರೆ ಒಳಬದಿಯಲ್ಲಿ 70 ಗ್ರಾಂ ಕೊರತೆ ತೋರಿಸಿತು. ಎರೆಮಣ್ಣಿನ ಗುಣ ನಿಮಗೆ ಗೊತ್ತು. ಹಸಿಯಿದ್ದಾಗ ಬಿಡದೆ ಅಂಟುತ್ತದೆ, ಒಣಗಿದರೆ ಉಳಿ ಬೇಕಾಗುತ್ತದೆ. ಹುಡುಗರು ಕೆರೆದು ತೆಗೆದರು, ಹಳೆಯ ತೂಕಗಳನ್ನೆಲ್ಲ ಕಿತ್ತರು, ಮತ್ತೆ ತಿರುಗಿಸಿದರು. ಬೇಕಾದದ್ದು 15 ಗ್ರಾಂ.

ಅವರು ನಂಬಲಿಲ್ಲ. ನನ್ನನ್ನೂ ಕೂರಿಸಿಕೊಂಡು ಬೈಪಾಸಿನವರೆಗೆ ಓಡಿಸಿದರು. 90 ದಾಟಿದ ಮೇಲೆ ಸ್ಟೇರಿಂಗನ್ನು ಎರಡೇ ಬೆರಳಲ್ಲಿ ಹಿಡಿದು ನೋಡಿದರು, ಅಲುಗಾಟವಿಲ್ಲ. ಸ್ವಲ್ಪ ದೂರ ಸುಮ್ಮನಿದ್ದು, ‘ಹಾಗಾದರೆ ಆ ಲೋವರ್ ಆರ್ಮ್?’ ಎಂದು ಕೇಳಿದರು. ‘ಹೊಸದಾಯಿತು’ ಎಂದೆ.

ಕಥೆ ಉದ್ದವಾಯಿತು, ಸಮಯ ಕಡಿಮೆಯಿದೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಚಕ್ರ ನೋಡಿ ಎಂದರೆ ಒಳಮೈ ಸಮೇತ ನೋಡಿ. ಮಣ್ಣಿದೆಯೇ, ಅಂಟಿಸಿದ ತೂಕ ಬಿದ್ದುಹೋಗಿ ಗೋಂದಿನ ಕಲೆ ಮಾತ್ರ ಉಳಿದಿದೆಯೇ, ಗುಂಡಿಗೆ ಬಿದ್ದು ರಿಮ್ಮಿನ ಅಂಚು ಡೊಂಕಾಗಿದೆಯೇ? ಪಂಕ್ಚರ್ ಆಗದಿರಲಿ ಎಂದು ಟೈರಿನೊಳಗೆ ಹಾಕಿಸಿದ ದ್ರವವೂ ಒಂದೇ ಕಡೆ ನಿಂತು ನಡುಕ ಹುಟ್ಟಿಸಬಹುದು. ಹೊರಗಿನಿಂದ ತಂದ ಅಲಾಯ್ ಚಕ್ರದ ನಡುವಿನ ರಂಧ್ರ ದೊಡ್ಡದಿದ್ದರೆ ಅದು ಹಬ್ಬಿನ ಮೇಲೆ, ಅಂದರೆ ಚಕ್ರವನ್ನು ಕೂರಿಸುವ ನಡುಗುಂಬದ ಮೇಲೆ, ನಟ್ಟನಡುವೆ ಕೂರದೇ ಹೋಗಬಹುದು. ಆಗ ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ದುಡ್ಡು ದಂಡ.

ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕ್ ಡಿಸ್ಕ್ ಸಮನಾಗಿಲ್ಲ. ಆಕ್ಸಿಲರೇಟರ್ ಒತ್ತಿದಾಗ ನಡುಗಿ, ಬಿಟ್ಟಾಗ ನಿಂತರೆ ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟಿನ ಜಾಯಿಂಟ್ ಸವೆದಿರಬಹುದು. ಜೀಪು, ಪಿಕಪ್, ಟೆಂಪೊ ಇರುವವರು ಹಿಂಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಎಂಬ ಕೀಲು ಮತ್ತು ನಡುವಿನ ಬೇರಿಂಗ್ ನೋಡಿಸಿ. ಎಂಜಿನ್ ಮೇಲೆ ಅನುಮಾನ ಬಿಡದಿದ್ದರೆ, ಕಾರು ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು, ಹೆದ್ದಾರಿಯಲ್ಲಿ ಎಂಜಿನ್ನಿನ ಸುತ್ತು ತೋರಿಸುವ ಆರ್‌ಪಿಎಂ ಮುಳ್ಳು ಎಷ್ಟು ತೋರಿಸುತ್ತಿತ್ತೋ ಅಷ್ಟಕ್ಕೆ ಎಂಜಿನ್ ಏರಿಸಿ. ನಿಂತಲ್ಲೇ ನಡುಗಿದರೆ ಎಂಜಿನ್ ಅಥವಾ ಅದನ್ನು ಹಿಡಿದಿಡುವ ಮೌಂಟಿಂಗ್. ನಡುಗದಿದ್ದರೆ ಎಂಜಿನ್ ಮಾತು ಬಿಟ್ಟು ಚಕ್ರ ನೋಡಿ.

ಕೊನೆಯದಾಗಿ, ಇದೊಂದನ್ನು ಮುಂದೂಡಬೇಡಿ. ನಡುಕ ದಿನಗಳಿಂದ ಇರುವುದಲ್ಲ, ಹೋಗುತ್ತಿರುವಾಗಲೇ ಇದ್ದಕ್ಕಿದ್ದಂತೆ ಶುರುವಾಯಿತು ಎಂದಾದರೆ ನಿಧಾನಿಸಿ, ರಸ್ತೆಯಿಂದ ಪೂರ್ತಿ ಪಕ್ಕಕ್ಕೆ ತಂದು ನಿಲ್ಲಿಸಿ. ನಾಲ್ಕೂ ಚಕ್ರಗಳ ನಟ್ಟು ಅಲುಗಾಡಿಸಿ ನೋಡಿ. ಸಡಿಲವಾಗಿದ್ದರೆ ಒಂದನ್ನು ಬಿಗಿದು, ಪಕ್ಕದ್ದನ್ನಲ್ಲ, ಎದುರಿನದನ್ನು ಬಿಗಿಯಿರಿ. ಆಮೇಲೆ ಟೈರಿನ ಮಗ್ಗುಲನ್ನು ನೋಡಿ. ಎಲ್ಲಾದರೂ ಉಬ್ಬು ಎದ್ದಿದ್ದರೆ ಒಳಗಿನ ದಾರಗಳು ಹರಿದಿವೆ ಎಂದರ್ಥ. ಆ ಟೈರು ಯಾವಾಗ ಒಡೆಯುತ್ತದೆಂದು ಹೇಳಲಾಗದು. ಅಲ್ಲೇ ಸ್ಟೆಪ್ನಿ ಹಾಕಿಕೊಂಡು ಹೊರಡಿ, ಉಬ್ಬಿದ ಟೈರನ್ನು ಇನ್ನೊಬ್ಬರಿಗೆ ಮಾರಬೇಡಿ.

ನಮಸ್ಕಾರ.