ಟರ್ಬೊ ಎಂಜಿನ್‌ಗೆ ಹೆಡ್ ಗ್ಯಾಸ್ಕೆಟ್ ಎಷ್ಟು ದಪ್ಪ ಇರಬೇಕು?

ನಮಸ್ಕಾರ. ಎಂಜಿನ್ ಬ್ಲಾಕ್‌ಗೂ ಅದರ ಮೇಲೆ ಮುಚ್ಚಳದ ಹಾಗೆ ಕೂರುವ ಹೆಡ್‌ಗೂ ನಡುವೆ ಇಡುವ ತೆಳು ಹಾಳೆಯೇ ಹೆಡ್ ಗ್ಯಾಸ್ಕೆಟ್. ಟರ್ಬೊ ಗಾಡಿಯ ಎಂಜಿನ್ ಬಿಚ್ಚಿ ಮತ್ತೆ ಕಟ್ಟುವಾಗ ಗ್ಯಾರೇಜ್‌ನಲ್ಲಿ ಯಾರಾದರೂ ಒಬ್ಬರು ಈ ಮಾತು ಹೇಳಿಯೇ ಹೇಳುತ್ತಾರೆ: "ಟರ್ಬೊ ಅಲ್ವಾ ಸಾರ್, ದಪ್ಪ ಗ್ಯಾಸ್ಕೆಟ್ ಹಾಕಿಬಿಡೋಣ. ಸೇಫ್ ಆಗಿರುತ್ತೆ." ದಪ್ಪ ಜಾಸ್ತಿಯಾದರೆ ಕಂಪ್ರೆಷನ್ (ಸಿಲಿಂಡರ್‌ನಲ್ಲಿ ಗಾಳಿ ಎಷ್ಟು ಪಟ್ಟು ಹಿಂಡಿಕೊಳ್ಳುತ್ತದೆ ಅನ್ನೋ ಅಳತೆ) ಇಳಿಯುತ್ತದೆ, ಆಗ ಎಂಜಿನ್ ಟರ್ಬೊ ಒತ್ತಡ ತಡೆಯುತ್ತದೆ ಅನ್ನೋದು ಅವರ ಲೆಕ್ಕ. ಕೇಳೋಕೆ ಸರಿಯಾಗೇ ಇದೆ. ಆದರೆ ಪೆನ್ನು ಹಿಡಿದು ಕೂತರೆ ಈ ಲೆಕ್ಕ ನಿಲ್ಲೋದಿಲ್ಲ.

ಮಿತ್ಸುಬಿಷಿ ಲ್ಯಾನ್ಸರ್ ಇವೊಲ್ಯೂಷನ್ 9ರ 4ಜಿ63 ಎಂಜಿನ್ ತೆಗೆದುಕೊಳ್ಳೋಣ. 2 ಲೀಟರ್ ಟರ್ಬೊ ಪೆಟ್ರೋಲ್. ಬೋರ್ ಅಂದರೆ ಸಿಲಿಂಡರ್‌ನ ಅಗಲ 85 ಮಿ.ಮೀ., ಸ್ಟ್ರೋಕ್ ಅಂದರೆ ಪಿಸ್ಟನ್ ಓಡುವ ದೂರ 88 ಮಿ.ಮೀ., ಕಂಪ್ರೆಷನ್ 8.8:1.

[ತೆರೆಯ ಮೇಲೆ: ಲೆಕ್ಕ ಒಂದೊಂದೇ ಸಾಲಾಗಿ]

ಒಂದು ಸಿಲಿಂಡರ್ 499 ಸಿಸಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದರ ತಲೆ ಮೇಲೆ ಉಳಿಯುವ ಜಾಗ 64 ಸಿಸಿ. ಗ್ಯಾಸ್ಕೆಟ್‌ನ ತೂತು ಬೋರ್‌ಗಿಂತ ಸ್ವಲ್ಪ ದೊಡ್ಡದು, 86 ಮಿ.ಮೀ. ಅಂತ ಇಟ್ಟುಕೊಳ್ಳಿ. ಈಗ ಗ್ಯಾಸ್ಕೆಟ್ ದಪ್ಪವನ್ನು 0.5 ಮಿ.ಮೀ. ಜಾಸ್ತಿ ಮಾಡಿ. ಗ್ಯಾಸ್ಕೆಟ್ ಲೆಕ್ಕದಲ್ಲಿ ಅದು ಸಣ್ಣದೇನಲ್ಲ. ಸೇರಿಕೊಳ್ಳುವ ಜಾಗ ಎಷ್ಟು ಗೊತ್ತಾ? 2.9 ಸಿಸಿ. 64 ಇದ್ದದ್ದು 66.9 ಆಯಿತು. ಕಂಪ್ರೆಷನ್ 8.8ರಿಂದ 8.46ಕ್ಕೆ ಇಳಿಯಿತು, ಅಷ್ಟೇ.

ಇಷ್ಟಕ್ಕೆ ನಾವು ಕಳೆದುಕೊಂಡದ್ದೇನು ನೋಡಿ. ಹೆಡ್‌ನ ಒಳಗೆ ಅಂಚಿನಲ್ಲಿ ಒಂದಷ್ಟು ಸಮತಟ್ಟಾದ ಜಾಗ ಇರುತ್ತದೆ. ಪಿಸ್ಟನ್‌ನ ಅಂಚೂ ಸಮತಟ್ಟು. ಪಿಸ್ಟನ್ ಮೇಲೆ ಬಂದಾಗ ಇವೆರಡರ ನಡುವೆ ಸಿಕ್ಕ ಗಾಳಿ-ಪೆಟ್ರೋಲ್ ಮಿಶ್ರಣ ಹಿಂಡಿಕೊಂಡು ಸ್ಪಾರ್ಕ್ ಪ್ಲಗ್ ಕಡೆಗೆ ನುಗ್ಗುತ್ತದೆ. ಇದಕ್ಕೆ ಸ್ಕ್ವಿಶ್ ಅಂತಾರೆ. ಆ ರಭಸದಿಂದ ಮಿಶ್ರಣ ಚೆನ್ನಾಗಿ ಕಲಕಿ ಬೇಗ ಉರಿಯುತ್ತದೆ. ಅಂಚಿನಲ್ಲಿ ತಾನಾಗೇ ಸ್ಫೋಟಗೊಳ್ಳೋಕೆ ಮಿಶ್ರಣ ಉಳಿಯೋದೇ ಇಲ್ಲ ಅನ್ನಬಹುದು. ಪೆಟ್ರೋಲ್ ಎಂಜಿನ್ ಕಟ್ಟುವವರು ಈ ಸಂದನ್ನು ಸಾಮಾನ್ಯವಾಗಿ 1 ಮಿ.ಮೀ. ಆಸುಪಾಸಿನಲ್ಲಿ ಇಡುತ್ತಾರೆ. ಅದನ್ನು ಒಂದೂವರೆಗೆ ಒಯ್ದರೆ ಸ್ಕ್ವಿಶ್ ಸತ್ತುಹೋಗುತ್ತದೆ. ಅಂದರೆ ನಾಕಿಂಗ್ (ಮಿಶ್ರಣ ಹಾಗೆ ತಾನಾಗೇ ಸ್ಫೋಟಗೊಳ್ಳೋದು) ಬರಬಾರದು ಅಂತ ದಪ್ಪ ಗ್ಯಾಸ್ಕೆಟ್ ಹಾಕಿ, ನಾಕಿಂಗ್ ಬರೋಕೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ಕಂಪ್ರೆಷನ್ ನಿಜವಾಗಿಯೂ ಇಳಿಸಬೇಕಾ? ತಲೆಯಲ್ಲಿ ಗುಳಿ ಜಾಸ್ತಿ ಇರುವ ಪಿಸ್ಟನ್ ಹಾಕಿಸಿ. ಖರ್ಚು ಹೆಚ್ಚು, ಒಪ್ಪುತ್ತೇನೆ. ಆದರೆ ಸರಿಯಾದ ದಾರಿ ಅದೇ.

ಈಗ ಡೀಸೆಲ್‌ಗೆ ಬರೋಣ. ನಮ್ಮ ರಸ್ತೆಗಳಲ್ಲಿ ಟರ್ಬೊ ಡೀಸೆಲ್ ಏನು ಕಡಿಮೆಯಾ? ಇಲ್ಲಿ ಗ್ಯಾಸ್ಕೆಟ್ ದಪ್ಪದ ವಿಷಯ ಇನ್ನೂ ಸೂಕ್ಷ್ಮ.

ಸ್ಕೋಡಾ ಆಕ್ಟೇವಿಯಾ ನಿಮಗೆಲ್ಲ ಗೊತ್ತು. 2001ರಲ್ಲಿ ಭಾರತಕ್ಕೆ ಬಂದದ್ದು. ಅದರಲ್ಲಿದ್ದ 1.9 ಟಿಡಿಐ ಎಂಜಿನ್ ಫೋಕ್ಸ್‌ವ್ಯಾಗನ್ ಗುಂಪಿನದು. ಇದರ ಹೆಡ್ ಕೆಳಗಡೆ ಪೂರ್ತಿ ಸಮತಟ್ಟು. ಡೀಸೆಲ್ ಉರಿಯುವ ಗುಳಿ ಇರುವುದು ಪಿಸ್ಟನ್ ತಲೆಯಲ್ಲಿ. ಪಿಸ್ಟನ್ ಮೇಲೆ ಬಂದಾಗ ಬ್ಲಾಕ್‌ನ ಮಟ್ಟಕ್ಕೆ ನಿಲ್ಲೋದಿಲ್ಲ, ಸುಮಾರು ಒಂದು ಮಿ.ಮೀ. ಹೊರಗೆ ಚಾಚುತ್ತದೆ. ಹಾಗೆ ಚಾಚಿದ ಪಿಸ್ಟನ್ ಹೆಡ್‌ಗೆ ಬಡಿಯದಂತೆ ಜಾಗ ಕೊಡುವುದು ಗ್ಯಾಸ್ಕೆಟ್ ಒಂದೇ. ಅದಕ್ಕೇ ಕಂಪನಿ ಇದನ್ನು ಮೂರು ದಪ್ಪದಲ್ಲಿ ಮಾಡುತ್ತದೆ. ಗ್ಯಾಸ್ಕೆಟ್ ಮೇಲೆ ಪಾರ್ಟ್ ನಂಬರ್ ಪಕ್ಕದಲ್ಲಿ ಸಣ್ಣ ತೂತುಗಳಿರುತ್ತವೆ, ನೋಡಿ.

[ಹತ್ತಿರದ ಚಿತ್ರ: ಗ್ಯಾಸ್ಕೆಟ್ ಮೇಲಿನ ತೂತುಗಳು]

ಪಿಸ್ಟನ್ 0.91ರಿಂದ 1.00 ಮಿ.ಮೀ. ಚಾಚಿದ್ದರೆ ಒಂದು ತೂತಿನದು. 1.01ರಿಂದ 1.10ರವರೆಗೆ ಎರಡು ತೂತಿನದು. 1.11ರಿಂದ 1.20ರವರೆಗೆ ಮೂರು ತೂತಿನದು. ತೂತು ಜಾಸ್ತಿ ಅಂದರೆ ದಪ್ಪ ಜಾಸ್ತಿ. ಈ ಅಳತೆ 1.9 ಟಿಡಿಐಗೆ ಮಾತ್ರ. ನಿಮ್ಮ ಎಂಜಿನ್ ಬೇರೆಯಾದರೆ ಅದರ ಮ್ಯಾನುಯಲ್ ನೋಡಿ. ಕೆಲವು ಕಂಪನಿಗಳು ತೂತಿನ ಬದಲು ಅಂಚಿನಲ್ಲಿ ಕಚ್ಚು ಕೊಟ್ಟಿರುತ್ತವೆ.

ಅಳೆಯೋದು ಹೇಗೆ? ಬ್ಲಾಕ್ ಮೇಲ್ಮೈಯಲ್ಲಿ ಹಳೇ ಗ್ಯಾಸ್ಕೆಟ್‌ನ ಚೂರು, ಕಾರ್ಬನ್ ಏನೂ ಉಳಿಯಬಾರದು. ಮ್ಯಾಗ್ನೆಟ್ ಸ್ಟ್ಯಾಂಡ್‌ಗೆ ಡಯಲ್ ಗೇಜ್ ಸಿಕ್ಕಿಸಿ. ಮೊನೆಯನ್ನು ಬ್ಲಾಕ್ ಮೇಲಿಟ್ಟು ಸೊನ್ನೆ ಮಾಡಿ. ಆಮೇಲೆ ಪಿಸ್ಟನ್ ತಲೆ ಮೇಲೆ ತಂದು ಕ್ರ್ಯಾಂಕ್ ನಿಧಾನವಾಗಿ ತಿರುಗಿಸಿ. ಮುಳ್ಳು ಏರುತ್ತಾ ಹೋಗಿ ಒಂದು ಕಡೆ ನಿಂತು ವಾಪಸ್ ಬರುತ್ತದೆ. ನಿಂತ ಜಾಗವೇ ಟಾಪ್. ಗೇಜ್‌ನ ಮೊನೆ ಗಜನ್ ಪಿನ್ (ಪಿಸ್ಟನ್ ಅನ್ನು ಕನೆಕ್ಟಿಂಗ್ ರಾಡ್‌ಗೆ ಸೇರಿಸುವ ಪಿನ್) ಇರುವ ನೇರದಲ್ಲೇ ಕೂರಬೇಕು. ಯಾಕೆಂದರೆ ಪಿಸ್ಟನ್ ಬೋರ್‌ನಲ್ಲಿ ಆ ಕಡೆ ಈ ಕಡೆ ಸ್ವಲ್ಪ ವಾಲುತ್ತದೆ. ಬದಿಯಲ್ಲಿ ಅಳೆದರೆ ಆ ವಾಲಾಟವೂ ಅಳತೆಯಲ್ಲಿ ಸೇರಿಕೊಳ್ಳುತ್ತದೆ.

ನಾಲ್ಕೂ ಪಿಸ್ಟನ್ ಅಳೆಯಿರಿ. 0.96, 0.98, 1.03, 0.97 ಬಂತು ಅಂತಿಟ್ಟುಕೊಳ್ಳಿ. ಮೂರು ಪಿಸ್ಟನ್ ಒಂದು ತೂತಿನದನ್ನೇ ಕೇಳುತ್ತಿವೆ. ಸರಾಸರಿ ತೆಗೆದರೂ ಒಂದೇ ತೂತು. ಆದರೂ ತರಬೇಕಾದದ್ದು ಎರಡು ತೂತಿನದು. ಎಲ್ಲಕ್ಕಿಂತ ಎತ್ತರದ ಪಿಸ್ಟನ್ ಯಾವುದೋ ಅದರ ಮಾತೇ ಕೊನೆ. ಎಂಜಿನ್ ಬಿಸಿಯಾಗಿ ಜೋರಾಗಿ ತಿರುಗುವಾಗ ಕನೆಕ್ಟಿಂಗ್ ರಾಡ್ ಹಿಗ್ಗುತ್ತದೆ, ಬೇರಿಂಗ್ ಸಂದು ಕರಗುತ್ತದೆ. ಆ ಮೂರನೇ ಪಿಸ್ಟನ್‌ಗೆ ಕೂದಲೆಳೆಯಷ್ಟು ಜಾಗವೂ ಬಹಳ ಮುಖ್ಯ.

ಹಾಗಾದರೆ ಸುಮ್ನೆ ಮೂರು ತೂತಿನದನ್ನೇ ಹಾಕಿದರೆ? ಪಿಸ್ಟನ್ ಬಡಿಯೋದಿಲ್ಲ, ನಿಜ. ಆದರೆ ಡೀಸೆಲ್ ಉರಿಯೋದೇ ಕಂಪ್ರೆಷನ್‌ನ ಬಿಸಿಗೆ. ಅದು ಇಳಿದಷ್ಟೂ ಚಳಿಯ ಬೆಳಗ್ಗೆ ಸ್ಟಾರ್ಟಿಂಗ್ ಕಷ್ಟ, ಬಿಳಿ ಹೊಗೆ ಜಾಸ್ತಿ.

ಬರೀ ಗ್ಯಾಸ್ಕೆಟ್ ಹೋಗಿದೆ, ಪಿಸ್ಟನ್, ರಾಡ್, ಬ್ಲಾಕ್ ಯಾವುದನ್ನೂ ಮುಟ್ಟಿಲ್ಲ ಅಂದರೆ ಹಳೇದರಲ್ಲಿ ಎಷ್ಟು ತೂತಿದೆಯೋ ಅಷ್ಟೇ ತೂತಿನದನ್ನು ತನ್ನಿ. ಆದರೆ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿದ್ದೀರಾ? ಬ್ಲಾಕ್ ಫೇಸಿಂಗ್, ಅಂದರೆ ಮೇಲ್ಮೈ ತೇಯ್ದು ಸಮ ಮಾಡೋ ಕೆಲಸ, ಆಗಿದೆಯಾ? ಹಳೇ ತೂತಿನ ಲೆಕ್ಕ ಮರೆತುಬಿಡಿ, ಮತ್ತೆ ಅಳೆಯಲೇಬೇಕು. ಬ್ಲಾಕ್‌ನಿಂದ 0.1 ಮಿ.ಮೀ. ತೆಗೆದರೆ ಪಿಸ್ಟನ್ ಅಷ್ಟೇ ಜಾಸ್ತಿ ಚಾಚುತ್ತದೆ. ಲೇತ್‌ನವರು ಧಾರಾಳವಾಗಿ ತೆಗೆದುಬಿಟ್ಟರೆ 1.20 ದಾಟಿಹೋಗಬಹುದು. ಆಗ ಪಟ್ಟಿಯಲ್ಲಿರುವ ಯಾವ ಗ್ಯಾಸ್ಕೆಟ್ಟೂ ಕೂರೋದಿಲ್ಲ.

ಹೆಡ್ ಫೇಸಿಂಗ್ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಎಂಜಿನ್ ಓವರ್‌ಹೀಟ್ ಆದರೆ ನಮ್ಮಲ್ಲಿ ಮೊದಲು ಮಾಡೋದೇ ಅದು. ಸಮತಟ್ಟು ಹೆಡ್‌ನಲ್ಲಿ ವಾಲ್ವ್‌ಗಳು ಹೆಡ್ ಮೇಲ್ಮೈಗಿಂತ ಸ್ವಲ್ಪ ಒಳಗೆ ಕೂತಿರುತ್ತವೆ. ಹೆಡ್ ತೇಯ್ದರೆ ಅವು ಪಿಸ್ಟನ್‌ಗೆ ಹತ್ತಿರವಾಗುತ್ತವೆ. ಅದಕ್ಕೇ 1.9 ಟಿಡಿಐ ಹೆಡ್ ತೇಯಲೇಬಾರದು ಅಂತ ಕಂಪನಿ ಹೇಳುತ್ತದೆ. ಸ್ಟ್ರೈಟ್ ಎಡ್ಜ್ ಇಟ್ಟು ಫೀಲರ್ ಗೇಜ್ ತೂರಿಸಿ ನೋಡಿದಾಗ 0.1 ಮಿ.ಮೀ.ಗಿಂತ ಜಾಸ್ತಿ ಬೆಂಡ್ ಇದ್ದರೆ ಹೆಡ್ಡೇ ಬದಲಾಯಿಸಬೇಕು. ತೇಯಲು ಅವಕಾಶ ಇರುವ ಎಂಜಿನ್‌ಗಳಿಗೆ, ತೆಗೆದ ಅಳತೆ ತುಂಬಿಕೊಡುವ ರಿಪೇರಿ ಗ್ಯಾಸ್ಕೆಟ್ ಸಿಗುತ್ತದೆ. ದಪ್ಪ ಗ್ಯಾಸ್ಕೆಟ್‌ಗೆ ನ್ಯಾಯವಾದ ಜಾಗ ಅಂದರೆ ಅದು. ಎರಡು ಗ್ಯಾಸ್ಕೆಟ್ ಒಂದರ ಮೇಲೊಂದು ಇಡೋದಂತೂ ಯಾವ ಕಾರಣಕ್ಕೂ ಬೇಡ.

ಇನ್ನು ಒತ್ತಡ ತಡೆಯುವ ಮಾತು. 1.9 ಟಿಡಿಐನ 79.5 ಮಿ.ಮೀ. ಬೋರ್‌ನಲ್ಲಿ 100 ಬಾರ್ ಒತ್ತಡ ಬಂದರೆ ಆ ಒಂದು ಸಿಲಿಂಡರ್ ಹೆಡ್ ಅನ್ನು ಸುಮಾರು 5 ಟನ್ ಬಲದಿಂದ ಮೇಲಕ್ಕೆ ತಳ್ಳುತ್ತದೆ. ಟರ್ಬೊ ಡೀಸೆಲ್‌ನಲ್ಲಿ 100 ಬಾರ್ ದಾಟೋದು ಮಾಮೂಲಿ. ಇದನ್ನು ಹಿಡಿದು ನಿಲ್ಲಿಸೋದು ಹೆಡ್ ಬೋಲ್ಟ್‌ಗಳು. ಗ್ಯಾಸ್ಕೆಟ್ ದಪ್ಪಕ್ಕೆ ಆ ತಾಕತ್ತಿಲ್ಲ. ಈ ಎಂಜಿನ್‌ನ ಬೋಲ್ಟ್ ಬಿಗಿಯುವಾಗ ಹಿಗ್ಗುವ ಜಾತಿಯದು, ಒಮ್ಮೆ ಬಿಚ್ಚಿದರೆ ಹೊಸದೇ ಹಾಕಬೇಕು. ಮೊದಲು 40 ನ್ಯೂಟನ್ ಮೀಟರ್, ಆಮೇಲೆ 60, ಆಮೇಲೆ ಕಾಲು ಸುತ್ತು, ಮತ್ತೆ ಕಾಲು ಸುತ್ತು. ಮ್ಯಾನುಯಲ್‌ನಲ್ಲಿರುವ ಕ್ರಮದಲ್ಲೇ ಬಿಗಿಯಿರಿ.

ಪಾರ್ಟ್ಸ್ ಅಂಗಡಿಗೆ ಹೋಗುವಾಗ ಎಂಜಿನ್ ಕೋಡ್ ಮತ್ತು ನಾಲ್ಕೂ ಪಿಸ್ಟನ್‌ನ ಅಳತೆ ಚೀಟಿಯಲ್ಲಿ ಬರೆದುಕೊಂಡು ಹೋಗಿ. "ಎರಡು ತೂತಿನದು ಸ್ಟಾಕ್ ಇಲ್ಲ ಸಾರ್, ಮೂರು ತೂತಿನದು ಇದೆ, ನಡೆಯುತ್ತೆ" ಅಂದರೆ ತರಬೇಡಿ. ಅಡ್ವಾನ್ಸ್ ಕೊಟ್ಟು ಎರಡು ತೂತಿನದನ್ನೇ ತರಿಸಿಕೊಡಿ ಅಂತ ಹೇಳಿ ಬನ್ನಿ.