ಮಂಡಿ ಆಪರೇಷನ್‌ಗೆ ಮುನ್ನ ಮೈ ಮತ್ತು ಮನೆಯ ಸಿದ್ಧತೆ

(ದೃಶ್ಯ: ಹೆಂಚಿನ ಮನೆಯೊಂದರ ಜಗಲಿ, ಮೆಟ್ಟಿಲು, ಎತ್ತರದ ಹೊಸ್ತಿಲು)

ನಮಸ್ಕಾರ. ಸವೆದ ಮಂಡಿಯ ಕೀಲಿಗೆ ಲೋಹ ಮತ್ತು ಪ್ಲಾಸ್ಟಿಕ್‌ನ ಹೊಸ ಮೇಲ್ಮೈ ಅಳವಡಿಸುವ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದ ಮೇಲೆ ಮನೆಮಂದಿಯೆಲ್ಲ ಹಣ ಹೊಂದಿಸುವುದರಲ್ಲಿ ಮುಳುಗಿರುತ್ತಾರೆ. ವಾಕರ್ ಹಿಡಿದು ಮರಳುವವರಿಗೆ ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯ ಹಳೆಯ ಮನೆಗಳು ಎಷ್ಟು ತೊಡಕು ಒಡ್ಡುತ್ತವೆ ಎಂಬುದು ಆಗ ಯಾರಿಗೂ ಹೊಳೆಯುವುದಿಲ್ಲ.

ಮೊದಲು ಮೈಯ ವಿಚಾರ. ಹೊಸ ಕೀಲಿಗೆ ದೊಡ್ಡ ಶತ್ರು ಸೋಂಕು. ಹುಳುಕು ಹಲ್ಲು, ಉರಿಮೂತ್ರ, ಹತೋಟಿ ತಪ್ಪಿದ ಸಕ್ಕರೆ, ಕಾಲಿನ ಮೇಲಿನ ಗಾಯ ಇವುಗಳಲ್ಲಿ ಯಾವುದಿದ್ದರೂ ವೈದ್ಯರು ದಿನವನ್ನು ಮುಂದೂಡಬಹುದು. ಮಳೆಗಾಲದಲ್ಲಿ ತೋಟಕ್ಕೆ ಇಳಿಯುವವರು ಇಂಬಳ ಕಚ್ಚಿದ ಜಾಗವನ್ನು ಕೆರೆದು ಹುಣ್ಣು ಮಾಡಿಕೊಳ್ಳುವುದುಂಟು. ಅದು ಸಣ್ಣದೆಂದು ಮುಚ್ಚಿಡದೆ ತೋರಿಸಬೇಕು. ಕಾಲಿನ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ತೆಗೆಯುವುದು ಬೇಡ, ಕಣ್ಣಿಗೆ ಕಾಣದ ಗೀರುಗಳಿಂದಲೂ ಸೋಂಕು ಒಳಹೊಗುತ್ತದೆ. ಇತ್ತೀಚೆಗೆ ಮಂಡಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡಿದ್ದರೆ ಅದನ್ನೂ ಹೇಳಬೇಕು. ಸಾಮಾನ್ಯವಾಗಿ 3 ತಿಂಗಳು ಕಾಯಲು ಸೂಚಿಸುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು, ವೈದ್ಯರನ್ನು ಕೇಳದೆ ಮುಂದುವರಿಸಲೂ ಬಾರದು. ಬೀಡಿ, ಸಿಗರೇಟನ್ನು ಕನಿಷ್ಠ 4 ವಾರ ಮೊದಲೇ ಬಿಟ್ಟರೆ ಗಾಯ ಬೇಗ ಮಾಯುತ್ತದೆ.

(ದೃಶ್ಯ: ಮಂಚದ ಮೇಲೆ ಕಾಲು ಚಾಚಿ ಮಲಗಿರುವ ವ್ಯಕ್ತಿ)

ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ತೊಡೆಯನ್ನು ಬಿಗಿಮಾಡಿ, ಮಂಡಿಯಿಂದ ಟವೆಲನ್ನು ಕೆಳಕ್ಕೆ ಒತ್ತಿ, 5 ಎಣಿಸುವವರೆಗೆ ಹಿಡಿದು ಬಿಡಬೇಕು. ಬೆಳಿಗ್ಗೆ ಸಂಜೆ 10 ಸಲ ಹೀಗೆ ಮಾಡಿದರೆ ತೊಡೆಯ ಸ್ನಾಯು ಬಲಗೊಳ್ಳುತ್ತದೆ; ಆಪರೇಷನ್ ನಂತರ ನಿಲ್ಲಲು, ನಡೆಯಲು ಬೇಕಾಗುವುದು ಅದೇ.

ಇನ್ನು ಮನೆ. ಮಂಚದಿಂದ ಶೌಚಾಲಯದವರೆಗಿನ ದಾರಿಯನ್ನು ರೋಗಿಯೇ ಒಮ್ಮೆ ನಿಧಾನವಾಗಿ ನಡೆದು ನೋಡುವುದು ಒಳ್ಳೆಯದು. ವಾಕರ್ ಸುಮಾರು ಎರಡು ಅಡಿ ಅಗಲವಿರುವುದರಿಂದ ಬಾಗಿಲುಗಳನ್ನು ಅಳೆದಿಟ್ಟುಕೊಳ್ಳಬೇಕು. ಹೊಸ್ತಿಲು ಲಕ್ಷ್ಮಿಯ ಜಾಗವೆಂದು ಪೂಜಿಸುವ ಹಿರಿಯರೊಡನೆ ಅದನ್ನು ಕೀಳಿಸುವ ವಾದಕ್ಕೆ ಇಳಿಯುವುದಕ್ಕಿಂತ, ಕೆಲವು ವಾರ ಹೊಸ್ತಿಲು ದಾಟಬೇಕಾಗದ ಕೆಳಮನೆಯ ಕೋಣೆಗೆ ಮಂಚವನ್ನು ಸಾಗಿಸುವುದು ಸುಲಭ. ಹೊಸ್ತಿಲಿನ ಮೇಲೆ ಹಲಗೆ ಒರಗಿಸಿ ಬಿಟ್ಟರೆ ಅದು ಜಾರುತ್ತದೆ. ಬೇಕೇ ಆದರೆ ಬಡಗಿಯಿಂದ ಇಳಿಜಾರನ್ನು ಭದ್ರವಾಗಿ ಕೂರಿಸಬೇಕು.

ಬಚ್ಚಲು ಮನೆಯಿಂದ ಹೊರಗಿದ್ದರೆ ಹೆಚ್ಚಿನ ಎಚ್ಚರ ಬೇಕು. ಮಳೆಗಾಲದಲ್ಲಿ ಅಂಗಳದ ಕಲ್ಲುಚಪ್ಪಡಿಯ ಮೇಲೆ ಪಾಚಿ ಕಟ್ಟುವ ಊರಿನಲ್ಲಿ ವಾಕರ್ ಹಿಡಿದು ಅಂಗಳ ದಾಟುವುದು ಅಪಾಯ. ಭಾರತೀಯ ಶೌಚಾಲಯ ಮಾತ್ರ ಇರುವ ಮನೆಯಲ್ಲಿ ಕಮೋಡ್ ಕುರ್ಚಿಯನ್ನು ತಂದು ಕೋಣೆಯ ಪಕ್ಕದಲ್ಲೇ ಇಡಬೇಕು. ಸ್ನಾನಕ್ಕೆ ಮಣೆಯ ಬದಲು ಎತ್ತರದ, ಅಲುಗದ ಸ್ಟೂಲ್ ಬೇಕು, ಗೋಡೆಗೆ ಹಿಡಿಕೆ ಬೇಕು. ಕುಳಿತುಕೊಳ್ಳಲು ತೋಳಿರುವ ಗಟ್ಟಿ ಕುರ್ಚಿ ಇರಲಿ, ಜಗಲಿಯ ಆರಾಮಕುರ್ಚಿ ಸದ್ಯಕ್ಕೆ ಬೇಡ. ಚಾಪೆ, ಕಾಲೊರಸು ಎತ್ತಿಡಬೇಕು. ಕಾಲಿಗೆ ಸುತ್ತುವ ನಾಯಿಯನ್ನು ಕಟ್ಟಿಹಾಕಬೇಕು.

ದಿನ ಗೊತ್ತುಮಾಡುವಾಗ ಕಾಫಿ ಕೊಯ್ಲಿನ ಕಾಲವನ್ನೂ ನೆನಪಿಡಿ, ಏಕೆಂದರೆ ಆಗ ಮನೆಯಲ್ಲಿ ಆರೈಕೆಗೆ ಕೈ ಸಿಗುವುದಿಲ್ಲ. ಹೊರಡುವ ಮುನ್ನಾದಿನ ಜ್ವರ, ಕೆಮ್ಮು ಅಥವಾ ಹೊಸ ಗಾಯ ಕಂಡರೆ ಆಸ್ಪತ್ರೆಗೆ ಫೋನ್ ಮಾಡಿ ತಿಳಿಸಿ, ಅವರು ಹೇಳಿದ ಮೇಲೆಯೇ ಘಾಟಿ ಇಳಿಯಿರಿ.